ಕಾಯಿಲ್ ಜೊತೆ ಮಾತ್ರೆ, ಮಾತು, ನಿದ್ದೆ: ಖಿನ್ನತೆಗೆ ಜೋಡಿ ಚಿಕಿತ್ಸೆಯ ಆರು ವಾರ

ತಲೆಯ ಮೇಲೆ ಕಾಯಿಲ್ ಎಂಬ ತಂತಿ ಸುರುಳಿಯೊಂದನ್ನು ಇಟ್ಟು ಅಯಸ್ಕಾಂತದ ಮಿಡಿತದಿಂದ ಮಿದುಳಿನ ಒಂದು ಜಾಗವನ್ನು ಎಬ್ಬಿಸುವ ಚಿಕಿತ್ಸೆಗೆ ಆರ್‌ಟಿಎಂಎಸ್ ಎನ್ನುತ್ತಾರೆ. ಖಿನ್ನತೆಗೆ ಮಾತ್ರೆ ನಾಟದಿದ್ದಾಗ ವೈದ್ಯರು ಇದನ್ನು ಸೂಚಿಸುತ್ತಾರೆ. ಶಿರಸಿ, ಕುಮಟಾ, ಅಂಕೋಲಾ ಕಡೆಯ ಹೆಂಗಸರು ಇದಕ್ಕಾಗಿ ಊರು ಬಿಟ್ಟು ಹೋಗುವಾಗ ಫೈಲು ಹಿಡಿದು ಜೊತೆಗಿರುವ ಕೆಲಸ ನಮ್ಮದು. ಕಾಯಿಲ್ ಎದುರು ಕೂತವರಿಗೆ ಯಂತ್ರವೇ ದೊಡ್ಡದಾಗಿ ಕಾಣುವುದು ಸಹಜ. ಆದರೆ ಚಿಕಿತ್ಸೆ ಕೈಕೊಡುವುದು ಯಂತ್ರದಿಂದ ಬಹಳ ಕಡಿಮೆ. ನಡುವೆ ಬದಲಾದ ಮಾತ್ರೆ, ಯಾರಿಗೂ ಹೇಳದೆ ನಿಲ್ಲಿಸಿದ ನಿದ್ದೆಗುಳಿಗೆ, ತಪ್ಪಿಹೋದ ದಿನಗಳು, ನೋಡದೇ ಬಿಟ್ಟ ಥೈರಾಯ್ಡ್ ಇವೇ ಅದನ್ನು ಕೆಡಿಸುತ್ತವೆ. ಹಾಗಾಗಿ ಇಲ್ಲಿ ಯಂತ್ರಕ್ಕಿಂತ ಅದರ ಜೊತೆಗೆ ಹೋಗುವ ಉಳಿದ ಚಿಕಿತ್ಸೆಗಳ ವಿಷಯವೇ ಹೆಚ್ಚು ಬರುತ್ತದೆ.

ಶುರುವಾಗುವುದು ಹಳೆಯ ಚೀಟಿಗಳಿಂದ. ಮಾತ್ರೆ ನಾಟಲಿಲ್ಲ ಅನ್ನುವುದಕ್ಕೂ ಒಂದು ಲೆಕ್ಕವಿದೆ. ಬೇರೆ ಬೇರೆ ಎರಡು ಖಿನ್ನತೆಯ ಮಾತ್ರೆಗಳನ್ನು, ಒಂದೊಂದನ್ನೂ ಸಾಕಷ್ಟು ಪ್ರಮಾಣದಲ್ಲಿ ಆರರಿಂದ ಎಂಟು ವಾರ ತೆಗೆದುಕೊಂಡೂ ಗುಣ ಕಾಣದಿದ್ದರೆ ಮಾತ್ರ ಅದನ್ನು ಔಷಧಿಗೆ ಬಗ್ಗದ ಖಿನ್ನತೆ ಎಂದು ಹಿಡಿಯುತ್ತಾರೆ. ನಮ್ಮ ಕಡೆಯ ಫೈಲುಗಳನ್ನು ಬಿಡಿಸಿದರೆ ಸಿಗುವುದೇ ಬೇರೆ. ಎಸಿಟಲೊಪ್ರಾಂ 5 ಮಿಲಿಗ್ರಾಂ ಮೂರು ವಾರ ತಿಂದು ಹೊಟ್ಟೆ ತೊಳಸಿತೆಂದು ಬಿಟ್ಟಿರುತ್ತಾರೆ. ಆ ಮಾತ್ರೆಯ ಸರಿಯಾದ ಪ್ರಮಾಣ 10ರಿಂದ 20 ಮಿಲಿಗ್ರಾಂ. ಸರ್ಟ್ರಲಿನ್ 50ರಿಂದ 200ರವರೆಗೆ ಹೋಗಬಹುದು, ಆದರೆ ಚೀಟಿಯಲ್ಲಿ 25ಕ್ಕೇ ನಿಂತಿರುತ್ತದೆ. ಹಾಗಿದ್ದವರಿಗೆ ದೂರದ ಊರಿನ ಯಂತ್ರಕ್ಕಿಂತ ಮೊದಲು ಬೇಕಾದದ್ದು ಹತ್ತಿರದ ಮನೋವೈದ್ಯರಿಂದ ಸರಿಯಾದ ಪ್ರಮಾಣ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಕ್ಲಿನಿಕ್ಕಿಗೆ ಹೋದರೂ ಇಷ್ಟು ಆಗುತ್ತದೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಫೈಲಿನ ಜೊತೆ ರಕ್ತಪರೀಕ್ಷೆಯೂ ಬೇಕು. ಥೈರಾಯ್ಡ್ ತೋರಿಸುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಕಬ್ಬಿಣಾಂಶ ತೋರಿಸುವ ಫೆರಿಟಿನ್, ಬಿ12 ಈ ನಾಲ್ಕನ್ನು ಹೆಂಗಸರಲ್ಲಿ ನೋಡದೇ ಮುಂದೆ ಹೋಗಬಾರದು. ಥೈರಾಯ್ಡ್ ಕುಗ್ಗಿದಾಗ ಬರುವ ಸುಸ್ತು, ಮಂಕು, ನಿಧಾನಗತಿ ಹೊರಗಿನಿಂದ ನೋಡಿದರೆ ಖಿನ್ನತೆಯಂತೆಯೇ ಇರುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ರಕ್ತಸ್ರಾವ ಹೆಚ್ಚಾಗಿ ಕಬ್ಬಿಣಾಂಶ ಇಳಿದಿರುತ್ತದೆ. ಹಾಲು ಮಜ್ಜಿಗೆ ಕಡಿಮೆ ಬಳಸುವ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಇವು ಹಾಗೇ ಇದ್ದರೆ ಕಾಯಿಲ್‌ನಿಂದ ಮನಸ್ಸು ಸ್ವಲ್ಪ ಎದ್ದರೂ ಮೈ ಏಳುವುದಿಲ್ಲ. ಆಕೆಗೂ ಮನೆಯವರಿಗೂ ಅದು ಚಿಕಿತ್ಸೆಯ ಸೋಲಾಗಿಯೇ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಮಾತ್ರೆಗಳ ಪಟ್ಟಿಗೆ. ಮನೋವೈದ್ಯರು ಬರೆದದ್ದಷ್ಟೇ ಸಾಲದು. ಮಂಡಿನೋವಿಗೆ, ದಮ್ಮಿಗೆ, ನೆಗಡಿಗೆ, ಮುಟ್ಟಿಗೆ ತಿನ್ನುವುದೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತರಬೇಕು. ಕಾರಣ ಹೀಗಿದೆ. ಆರ್‌ಟಿಎಂಎಸ್‌ನಲ್ಲಿ ಎಲ್ಲರೂ ಹೆದರುವ ಅಪಾಯ ಫಿಟ್ಸ್. ಅದು ತೀರಾ ಅಪರೂಪ, ಸಾವಿರ ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಕೆಲವು ಮಾತ್ರೆಗಳು ಫಿಟ್ಸ್ ಬರುವ ಮಿತಿಯನ್ನು ಕೆಳಕ್ಕೆ ಎಳೆಯುತ್ತವೆ, ಅಂದರೆ ಅದು ಸುಲಭವಾಗಿ ಬರುವಂತೆ ಮಾಡುತ್ತವೆ. ಖಿನ್ನತೆಗೇ ಕೊಡುವ ಬುಪ್ರೊಪಿಯಾನ್ ಮತ್ತು ಅಮಿಟ್ರಿಪ್ಟಲಿನ್, ಸೊಂಟನೋವಿಗೆ ಬರೆಯುವ ಟ್ರಮಡಾಲ್, ದಮ್ಮಿಗೆ ಕೊಡುವ ಡೆರಿಫಿಲಿನ್, ಮೂತ್ರದ ಸೋಂಕಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್ ಈ ಸಾಲಿನವು. ಇವು ಇದ್ದ ಮಾತ್ರಕ್ಕೆ ಚಿಕಿತ್ಸೆ ಕೂಡದು ಎಂದೇನಿಲ್ಲ. ವೈದ್ಯರಿಗೆ ಗೊತ್ತಿದ್ದರೆ ಮಿಡಿತದ ಬಲವನ್ನೋ ವೇಗವನ್ನೋ ತಗ್ಗಿಸಿ ನಡೆಸುತ್ತಾರೆ. ಮೂರನೇ ವಾರದಲ್ಲಿ ಹಳ್ಳಿಯ ಕ್ಲಿನಿಕ್ಕಿನಲ್ಲಿ ಸೊಂಟನೋವಿಗೆಂದು ಟ್ರಮಡಾಲ್ ಸೇರಿ ಅದು ಯಂತ್ರದ ಕೋಣೆಗೆ ತಿಳಿಯದಿದ್ದರೆ ಅಪಾಯ.

ಇನ್ನೊಂದು ಬದಿಯಲ್ಲಿ ಕ್ಲೊನಜೆಪಾಂ ಎಂಬ ನಿದ್ದೆಗುಳಿಗೆ ಇದೆ. ರಾತ್ರಿ 0.5 ಮಿಲಿಗ್ರಾಂ ಎಂದು ಬರೆದದ್ದು ವರ್ಷಗಟ್ಟಲೆ ಮುಂದುವರಿದ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ಈ ಜಾತಿಯ ಮಾತ್ರೆ ಮಿದುಳಿನ ಉದ್ರೇಕವನ್ನು ತಗ್ಗಿಸುತ್ತದೆ. ಇದನ್ನು ತೆಗೆದುಕೊಳ್ಳುವವರಲ್ಲಿ ಆರ್‌ಟಿಎಂಎಸ್ ಪರಿಣಾಮ ಕಡಿಮೆ ಇರುವುದು ಹಲವು ಚಿಕಿತ್ಸಾ ಕೇಂದ್ರಗಳ ದಾಖಲೆಗಳಲ್ಲಿ ಕಂಡಿದೆ. ಇದನ್ನು ಕೇಳಿದ ತಕ್ಷಣ ಕೆಲವರು ಮಾತ್ರೆಯನ್ನು ಒಮ್ಮೆಲೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಲೇಬಾರದು. ಬಹುಕಾಲ ತಿಂದ ಕ್ಲೊನಜೆಪಾಂ ಥಟ್ಟನೆ ನಿಂತರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಅದರ ಮೇಲೆ ಕಾಯಿಲ್ ಇಟ್ಟರೆ ಅಪಾಯ ಇನ್ನೂ ಹೆಚ್ಚು. ಇಳಿಸಬೇಕಿದ್ದರೆ ಚಿಕಿತ್ಸೆ ಶುರುವಾಗುವ ವಾರಗಳ ಮುಂಚೆಯೇ ವೈದ್ಯರು ಹೇಳಿದಂತೆ ಕಾಲುಭಾಗ ಕಾಲುಭಾಗವಾಗಿ ಇಳಿಸಬೇಕು. ಇಳಿಸಲು ಆಗದಿದ್ದರೆ ಅದೇ ಪ್ರಮಾಣದಲ್ಲಿ, ಅದೇ ಹೊತ್ತಿಗೆ ತೆಗೆದುಕೊಂಡು ಹೋಗಬೇಕು. ದಿನಕ್ಕೊಂದು ರೀತಿ ಆದರೆ ಮಾತ್ರ ಯಾರ ಕೈಗೂ ಹಿಡಿತ ಸಿಗುವುದಿಲ್ಲ.

ಖಿನ್ನತೆಯ ಮುಖ್ಯ ಮಾತ್ರೆಗೂ ಇದೇ ನಿಯಮ. ಕಾಯಿಲ್ ಶುರುವಾಗುವ ನಾಲ್ಕು ವಾರ ಮೊದಲೇ ಪ್ರಮಾಣ ಗಟ್ಟಿಮಾಡಿಕೊಂಡು, ಆಮೇಲೆ ಆರು ವಾರ ಅದನ್ನು ಮುಟ್ಟದಿರುವುದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ, ತಲೆನೋವು ಬಂದದ್ದು ಯಾವುದರಿಂದ ಎಂದು ಯಾರೂ ಹೇಳಲಾರರು. ಚಿಕಿತ್ಸೆ ಮುಗಿದ ಮೇಲೆ ಯಾವ ಮಾತ್ರೆ ಮುಂದುವರಿಸಬೇಕು ಎಂಬ ಪ್ರಶ್ನೆಗೂ ಆಗ ಉತ್ತರ ಇರುವುದಿಲ್ಲ.

ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತ್ರೆ ಇದೆ. ಮನೆಯಲ್ಲಿ ದೇವರ ಕಾರ್ಯ, ಮದುವೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ ಎಂದರೆ ಮುಟ್ಟು ಮುಂದೂಡುವ ಗುಳಿಗೆ ತಿನ್ನುವುದು ವಾಡಿಕೆ. ಅದು ಪ್ರೊಜೆಸ್ಟರಾನ್ ಥರದ ಹಾರ್ಮೋನ್. ಕೆಲವರಲ್ಲಿ ಮನಸ್ಸನ್ನು ಕುಗ್ಗಿಸುತ್ತದೆ. ತಿಂದರೆ ತಪ್ಪೆಂದಲ್ಲ, ಆದರೆ ಪಟ್ಟಿಯಲ್ಲಿ ಬರೆಸಬೇಕು. ಕೇಳುವವರು ಗಂಡಸರಾದರೆ ಹೆಂಗಸರು ಹೇಳುವುದಿಲ್ಲ, ಆದ್ದರಿಂದ ಈ ಪ್ರಶ್ನೆಯನ್ನು ನರ್ಸ್ ಕೇಳುವುದೇ ಸರಿ.

ಇನ್ನು ದಿನದ ಹೊಂದಾಣಿಕೆ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ, ಅಂದರೆ 20ರಿಂದ 30 ಸಿಟ್ಟಿಂಗ್. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ-ಧಾರವಾಡ, ಕರಾವಳಿಯವರಿಗೆ ಮಣಿಪಾಲ-ಮಂಗಳೂರು, ಕಾರವಾರದ ಅಂಚಿನವರಿಗೆ ಗೋವಾ, ಎಲ್ಲರಿಗೂ ದೂರವಾದರೂ ಬೆಂಗಳೂರಿನ ನಿಮ್ಹಾನ್ಸ್. ಹೊರಡುವ ಮೊದಲು ಫೋನಿನಲ್ಲಿ ಮೂರು ಮಾತು ಕೇಳಿಕೊಳ್ಳಬೇಕು: ಯಂತ್ರ ಈಗ ಕೆಲಸ ಮಾಡುತ್ತಿದೆಯೇ, ಆರು ವಾರವೂ ದಿನಾ ಒಂದೇ ಹೊತ್ತಿಗೆ ಸಮಯ ಸಿಗುತ್ತದೆಯೇ, ಮನಶ್ಶಾಸ್ತ್ರಜ್ಞರೂ ಅಲ್ಲೇ ಇದ್ದಾರೆಯೇ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇವೆ ಎನ್ನುವವರು ಎರಡನೇ ವಾರಕ್ಕೆ ಸೋಲುತ್ತಾರೆ. ನಸುಕಿಗೆ ಎದ್ದು ಬಸ್ಸು ಹಿಡಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಫಿಟ್ಸ್‌ನ ಅಪಾಯ ಏರುತ್ತದೆ, ಖಿನ್ನತೆಯೂ ಏರುತ್ತದೆ. ಊರಿನಲ್ಲಿ ನೆಂಟರ ಮನೆಯೋ ಬಾಡಿಗೆ ಕೋಣೆಯೋ ನೋಡಿಕೊಳ್ಳುವುದೇ ಮೇಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶುರುಮಾಡುವುದಿದ್ದರಂತೂ ಉಳಿಯಲೇಬೇಕು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ದೇವಿಮನೆ, ಅರಬೈಲು ಘಟ್ಟಗಳನ್ನೂ ಮಳೆಯಲ್ಲಿ ನೆಚ್ಚಿಕೊಳ್ಳಲಾಗದು. ಅಡಿಕೆ ಕೊಯ್ಲು, ಸುಲಿಯುವ ದಿನಗಳಲ್ಲಿ ತೋಟದ ಮನೆಯ ಹೆಂಗಸರಿಗೆ ಆರು ವಾರ ಬಿಡುವು ಸಿಗುವುದಿಲ್ಲ. ಮೀನು ಮಾರುವವರಿಗೆ ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಕಾಲವೇ ಅನುಕೂಲ. ಒಂದೆರಡು ದಿನ ತಪ್ಪಿದರೆ ಕೊನೆಗೆ ಸೇರಿಸುತ್ತಾರೆ. ವಾರಗಟ್ಟಲೆ ತಪ್ಪಿದರೆ ಏರಿದ್ದು ಇಳಿಯುತ್ತದೆ.

ತಲೆಗೆ ಎಣ್ಣೆ ಹಚ್ಚಬಾರದು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಕೊಬ್ಬರಿ ಎಣ್ಣೆ ಇದ್ದರೆ ಗುರುತು ಹಾಕಿದ ಟೊಪ್ಪಿ ಜಾರುತ್ತದೆ; ಹಣೆಗೆ ಸಣ್ಣ ಕರೆಂಟು ಹರಿಸುವ ಟಿಡಿಸಿಎಸ್ ಎಂಬ ಇನ್ನೊಂದು ಚಿಕಿತ್ಸೆಯಾದರೆ ಕರೆಂಟೇ ಸರಿಯಾಗಿ ಹರಿಯುವುದಿಲ್ಲ. ಹಿಂದಿನ ದಿನ ತಲೆಸ್ನಾನ ಮಾಡಿ, ಒಣಗಿಸಿ, ಸಡಿಲವಾಗಿ ಹಿಂದಕ್ಕೆ ಜಡೆ ಹಾಕಿದರೆ ಸಾಕು. ಹೇರ್‌ಪಿನ್ನು, ಕ್ಲಿಪ್ಪು, ಕಿವಿಯ ಓಲೆ, ಮೂಗುತಿ, ಕರಿಮಣಿ ತೆಗೆದಿಡಬೇಕು. ಕರಿಮಣಿ ತೆಗೆಯಲು ಹಿಂಜರಿಯುವವರಿಗೆ ಮೊದಲೇ ತಿಳಿಸಿದರೆ ದಾರದಲ್ಲಿ ಅರಿಶಿನ ಕೊಂಬು ಕಟ್ಟಿಕೊಂಡು ಬರುತ್ತಾರೆ, ಅದರಿಂದ ತೊಂದರೆಯಿಲ್ಲ. ತಲೆಯೊಳಗೆ ಶಸ್ತ್ರಚಿಕಿತ್ಸೆಯ ಕ್ಲಿಪ್ಪು, ಕಿವಿಯೊಳಗೆ ಕಾಕ್ಲಿಯರ್ ಯಂತ್ರ, ಲೋಹದ ಚೂರು ಇದ್ದವರಿಗೆ ಈ ಚಿಕಿತ್ಸೆ ಇಲ್ಲ. ಪೇಸ್‌ಮೇಕರ್ ಇದ್ದರೆ ಹೃದ್ರೋಗ ತಜ್ಞರ ಮಾತು ಬೇಕು. ಹಲ್ಲಿಗೆ ತುಂಬಿಸಿದ ಸಿಮೆಂಟು ಅಡ್ಡಿಯಲ್ಲ.

ಮೊದಲ ದಿನ ಹೋಗುವುದು ಬರೀ ಅಳತೆಯಲ್ಲೇ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಗೆ, ಆಮೇಲೆ ತಲೆಯ ಸುತ್ತಳತೆ ಹೀಗೆ ಮೂರು ಸಲ ಟೇಪು ಹಿಡಿಯುತ್ತಾರೆ. ಅದರಿಂದ ಎಡ ಹಣೆಯ ಮೇಲ್ಭಾಗದಲ್ಲಿ ಎಫ್3 ಎಂಬ ಬಿಂದು ಸಿಗುತ್ತದೆ, ಟೊಪ್ಪಿಯ ಮೇಲೆ ಪೆನ್ನಿನಿಂದ ಗುರುತು ಬೀಳುತ್ತದೆ. ಆಮೇಲೆ ಮಿಡಿತದ ಬಲ ಎಷ್ಟಿರಬೇಕೆಂದು ನೋಡುವುದು. ಎಂಟರ ಆಕಾರದ ಕಾಯಿಲ್ ಅನ್ನು ತಲೆಯ ಎಡಭಾಗದಲ್ಲಿ, ಕೈ ಆಡಿಸುವ ಜಾಗದ ಮೇಲೆ ಇಟ್ಟು ಒಂದೊಂದೇ ಮಿಡಿತ ಬಿಡುತ್ತಾರೆ. "ಅಕ್ಕಾ, ಬಲಗೈ ಮಡಿಲಲ್ಲಿ ಸಡಿಲ ಬಿಡಿ, ಹೆಬ್ಬೆರಳು ನೋಡ್ತಾ ಇರಿ" ಎನ್ನುತ್ತಾರೆ ಟೆಕ್ನೀಷಿಯನ್. ಟಕ್ ಎಂದಾಗ ಹೆಬ್ಬೆರಳು ತನ್ನಷ್ಟಕ್ಕೆ ಒಳಕ್ಕೆ ಎಗರುತ್ತದೆ. ಆಕೆ ಆಡಿಸಿದ್ದಲ್ಲ, ತಡೆಯಲೂ ಆಗುವುದಿಲ್ಲ. ಬಲ ತಗ್ಗಿಸುತ್ತಾ ಬಂದು, ಹತ್ತು ಮಿಡಿತಕ್ಕೆ ಐದು ಸಲವಾದರೂ ಬೆರಳು ಎಗರುವ ಅತಿ ಕಡಿಮೆ ಬಲವನ್ನು ಬರೆದುಕೊಳ್ಳುತ್ತಾರೆ. ಆಕೆಯ ಮಿತಿ ಅದು. ಚಿಕಿತ್ಸೆ ಸಾಮಾನ್ಯವಾಗಿ ಆ ಮಿತಿಯ ಶೇಕಡಾ 120ರ ಬಲದಲ್ಲಿ ನಡೆಯುತ್ತದೆ. ಈ ಒಂದು ಸಂಖ್ಯೆ ತಪ್ಪಿದರೆ ಆರು ವಾರವೂ ತಪ್ಪಿದಂತೆಯೇ: ಹೆಚ್ಚಾದರೆ ಅಪಾಯ, ಕಡಿಮೆಯಾದರೆ ಸದ್ದು ಕೇಳಿ ಮನೆಗೆ ಬಂದಷ್ಟೇ ಲಾಭ. ಮಾತ್ರೆ ಬದಲಾದರೆ, ನಿದ್ದೆ ಕೆಟ್ಟರೆ, ಈ ಮಿತಿಯೂ ಸರಿಯುತ್ತದೆ. ವಾರಕ್ಕೊಮ್ಮೆ ಮತ್ತೆ ನೋಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇಲ್ಲಿ ಮುಟ್ಟಿನ ವಿಷಯ ಮತ್ತೆ ಬರುತ್ತದೆ. ಚಕ್ರದ ಮೊದಲರ್ಧದ ಕೊನೆಗೆ ಈಸ್ಟ್ರೋಜನ್ ಏರಿದಾಗ ಮಿದುಳಿನ ಹೊರಪದರ ಬೇಗ ಉದ್ರೇಕಗೊಳ್ಳುತ್ತದೆ, ಪ್ರೊಜೆಸ್ಟರಾನ್ ಏರುವ ಕೊನೆಯರ್ಧದಲ್ಲಿ ತಡೆಯುವ ಶಕ್ತಿ ಹೆಚ್ಚುತ್ತದೆ. ಆರು ವಾರದಲ್ಲಿ ಒಂದು ಚಕ್ರ ಪೂರ್ತಿ ಹಾದುಹೋಗುತ್ತದೆ. ಮುಟ್ಟಿನ ಮುಂಚಿನ ವಾರ ಮನಸ್ಸು ಕುಸಿಯುವವರಿಗೆ ಚಿಕಿತ್ಸೆಯ ನಡುವೆಯೂ ಕುಸಿಯುತ್ತದೆ. ದಿನಾಂಕ ಬರೆದಿಟ್ಟಿದ್ದರೆ ಅದು ಚಿಕಿತ್ಸೆಯ ಸೋಲಲ್ಲವೆಂದು ಕೂಡಲೇ ತಿಳಿಯುತ್ತದೆ. ಬರೆಯದಿದ್ದರೆ ಗಾಬರಿಯಾಗಿ ಮಾತ್ರೆ ಬದಲಿಸುತ್ತಾರೆ.

ಸಿಟ್ಟಿಂಗ್ ಎರಡು ಬಗೆ. ಹಳೆಯ ಕ್ರಮದಲ್ಲಿ ಸೆಕೆಂಡಿಗೆ 10 ಮಿಡಿತದಂತೆ 4 ಸೆಕೆಂಡು, ನಂತರ 26 ಸೆಕೆಂಡು ಬಿಡುವು. ಹೀಗೆ 75 ಸುತ್ತು, ಒಟ್ಟು 3,000 ಮಿಡಿತ, 37 ನಿಮಿಷ ಚಿಲ್ಲರೆ. ಥೀಟಾ ಬರ್ಸ್ಟ್ ಎಂಬ ಹೊಸ ಕ್ರಮದಲ್ಲಿ 600 ಮಿಡಿತ ಮೂರು ನಿಮಿಷ ಚಿಲ್ಲರೆಯಲ್ಲೇ ಮುಗಿಯುತ್ತದೆ. 2018ರಲ್ಲಿ ಕೆನಡಾದಲ್ಲಿ 414 ಜನರ ಮೇಲೆ ಎರಡನ್ನೂ ಹೋಲಿಸಿದಾಗ ಚಿಕ್ಕದು ದೊಡ್ಡದಕ್ಕಿಂತ ಕಡಿಮೆಯೇನಲ್ಲ ಎಂದು ಕಂಡಿತು. ದೂರದಿಂದ ಬರುವವರಿಗೆ, ಎಳೆ ಮಗು ಇರುವವರಿಗೆ ಮೂರು ನಿಮಿಷದ್ದೇ ಅನುಕೂಲ. ಇದನ್ನು ಕೇಳಿ ಪಡೆಯಬೇಕು. ಸದ್ದು ಮರಕುಟಿಗ ಕುಕ್ಕಿದಂತೆ, ಆದರೆ ನೆತ್ತಿಗೆ ಹತ್ತಿರ. ಇಯರ್‌ಪ್ಲಗ್ ಹಾಕದೆ ಕೂರಬಾರದು, ಯಂತ್ರ ನಡೆಸುವವರೂ ಹಾಕಿಕೊಳ್ಳಬೇಕು. ಮೊದಲ ವಾರ ಹಣೆ, ಹುಬ್ಬು, ಹಲ್ಲಿನ ಕಡೆ ಜಗ್ಗಿದಂತಾಗುತ್ತದೆ. ತಲೆನೋವಿಗೆ ಪ್ಯಾರಸಿಟಮಾಲ್ ಸಾಕು. ತಾಳಲಾಗದಿದ್ದರೆ ಕಾಯಿಲ್‌ನ ಕೋನ ಸ್ವಲ್ಪ ತಿರುಗಿಸಿದರೆ ನೋವು ಇಳಿಯುವುದುಂಟು, ಅಥವಾ ಕಡಿಮೆ ಬಲದಿಂದ ಶುರುಮಾಡಿ ವಾರದಲ್ಲಿ ಪೂರ್ತಿ ಬಲಕ್ಕೆ ಏರಿಸುತ್ತಾರೆ. ಹಲ್ಲು ಕಚ್ಚಿ ಸಹಿಸುವ ಅಗತ್ಯವಿಲ್ಲ. ನಮ್ಮ ಹೆಂಗಸರು ಸಹಿಸುತ್ತಾರೆ, ಹೇಳುವುದಿಲ್ಲ, ಐದನೇ ದಿನ ಬರುವುದನ್ನೇ ಬಿಡುತ್ತಾರೆ.

ಊಟದ ಗೊಂದಲವೂ ಒಂದಿದೆ. ಖಾಲಿ ಹೊಟ್ಟೆ ಬೇಕಾದದ್ದು ಅರಿವಳಿಕೆ ಕೊಟ್ಟು ಕರೆಂಟಿನಿಂದ ಫಿಟ್ಸ್ ತರಿಸುವ ಇಸಿಟಿಗೆ, ಆರ್‌ಟಿಎಂಎಸ್‌ಗೆ ಅಲ್ಲ. ಯಾರೋ ಹೇಳಿದರೆಂದು, ಇಲ್ಲವೇ ಸೋಮವಾರದ ಉಪವಾಸವೆಂದು ಬರಿಹೊಟ್ಟೆಯಲ್ಲಿ ಬಂದು ಕೂತವರಿಗೆ ಕಣ್ಣು ಕತ್ತಲೆ ಬಂದು ಒರಗುವುದುಂಟು. ಹಾಗೆ ತಲೆಸುತ್ತಿ ಬೀಳುವುದು ಫಿಟ್ಸ್‌ಗಿಂತ ಎಷ್ಟೋ ಸಾಮಾನ್ಯ. ಆದರೆ ನೋಡಿದವರು ಫಿಟ್ಸ್ ಎಂದೇ ತಿಳಿದು ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಗಂಜಿಯೋ ದೋಸೆಯೋ ತಿಂದು, ನೀರು ಕುಡಿದು, ಚಹಾ-ಕಾಫಿ ದಿನದಷ್ಟೇ ಇಟ್ಟುಕೊಂಡು ಹೋಗಬೇಕು.

ಕಾಯಿಲ್ ತೆಗೆದ ನಂತರದ ಗಂಟೆಗಳ ಬಗ್ಗೆ ಆಸ್ಪತ್ರೆಗಳಲ್ಲಿ ಕಡಿಮೆ ಮಾತಾಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಅರ್ಧ ಚಿಕಿತ್ಸೆ ಇರುವುದು ಅಲ್ಲೇ. ಮಾತಿನ ಚಿಕಿತ್ಸೆಯನ್ನು ಆರ್‌ಟಿಎಂಎಸ್ ಜೊತೆಗೇ ಕೊಟ್ಟ ನೆದರ್‌ಲ್ಯಾಂಡ್ಸ್‌ನ 196 ಜನರ ವರದಿ 2018ರಲ್ಲಿ ಬಂತು. ಶೇಕಡಾ 66 ಜನರಲ್ಲಿ ಲಕ್ಷಣಗಳು ಅರ್ಧಕ್ಕಿಂತ ಕೆಳಗಿಳಿದವು, ಶೇಕಡಾ 56 ಜನ ಖಿನ್ನತೆಯಿಂದ ಹೊರಬಂದರು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಮಾತಿನ ಪಾಲೆಷ್ಟು ಎಂದು ಅದರಿಂದ ಬೇರ್ಪಡಿಸಲಾಗದು. ಆದರೂ ದಿನಾ ಆಸ್ಪತ್ರೆಗೆ ಬರುವ ಆರು ವಾರ ಇನ್ನು ಯಾವಾಗಲೂ ಸಿಗುವುದಿಲ್ಲ. ಆ ಅವಕಾಶವನ್ನು ಕೈಬಿಡುವುದು ದೊಡ್ಡ ನಷ್ಟ. ವಾರಕ್ಕೆ ಒಂದೆರಡು ಸಲ ಮನಶ್ಶಾಸ್ತ್ರಜ್ಞರ ಜೊತೆ ಮುಕ್ಕಾಲು ಗಂಟೆ, ಉಳಿದ ದಿನ ಆಕೆಯೇ ಮಾಡುವ ಒಂದು ಸಣ್ಣ ಕೆಲಸ. ಈ ಕೆಲಸವನ್ನು ಬರೆದಿಡಬೇಕು: ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ. ಸಂಜೆ ಐದಕ್ಕೆ ಕೆರೆ ಸುತ್ತ ಒಂದು ಸುತ್ತು, ತಂಗಿಗೆ ಒಂದು ಫೋನು, ಬಿಟ್ಟುಹೋದ ಕಸೂತಿಯ ಒಂದು ಹೂವು. ಮನಸ್ಸು ಬಂದಾಗ ಮಾಡುತ್ತೇನೆ ಎಂದರೆ ಆಗುವುದಿಲ್ಲ, ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಅಡುಗೆ, ಪಾತ್ರೆ, ಹಟ್ಟಿಯ ಕೆಲಸವನ್ನು ಈ ಪಟ್ಟಿಗೆ ಸೇರಿಸಬಾರದು. ಅವು ಮನೆಗೆ ಬೇಕಾದ ಕೆಲಸ, ಆಕೆಗೆ ಬೇಕಾದದ್ದಲ್ಲ. "ಅತ್ತೆ ಕೇಳಿದ್ರೆ ಏನು ಹೇಳ್ಲಿ?" ಎಂಬ ಪ್ರಶ್ನೆ ತಪ್ಪದೇ ಬರುತ್ತದೆ. ಡಾಕ್ಟರು ಚೀಟಿಯ ಮೇಲೆಯೇ ಸಂಜೆಯ ನಡಿಗೆ ಎಂದು ಬರೆದುಕೊಟ್ಟರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಮೊದಲ ಎರಡು ವಾರ ಹೆಚ್ಚಿನವರಿಗೆ ಏನೂ ಅನ್ನಿಸುವುದಿಲ್ಲ. ಮೊದಲು ಸರಿಹೋಗುವುದು ನಿದ್ದೆ, ಆಮೇಲೆ ಹಸಿವು, ಆಮೇಲೆ ಮಾತು. ದುಃಖ ಇಳಿಯುವುದು ಬಹಳ ಸಲ ಕೊನೆಗೆ. ಮನೆಯವರು ಗುರುತಿಸುತ್ತಾರೆ, ಆಕೆಗೆ ಗೊತ್ತಾಗಿರುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆ ತುಂಬಿಸುವುದು. ಒಂಬತ್ತು ಪ್ರಶ್ನೆ, 27 ಅಂಕ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಒಟ್ಟು ಅಂಕ ಇಳಿದಿದ್ದರೂ ಅದೊಂದರಲ್ಲಿ ಅಂಕ ಬಿದ್ದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಎಚ್ಚರ: ಮೂರು ಗಂಟೆ ನಿದ್ದೆ ಮಾಡಿಯೂ ಸುಸ್ತಿಲ್ಲ, ಮಾತು ನಿಲ್ಲುತ್ತಿಲ್ಲ, ಸಾಲ ಮಾಡಿ ಸೀರೆ ತಂದಳು ಎಂದರೆ ಅದು ಗುಣವಲ್ಲ, ಮನಸ್ಸು ಅತಿಯಾಗಿ ಏರಿ ಉನ್ಮಾದದ ಕಡೆ ಹೊರಳಿರುವ ಲಕ್ಷಣ. ಖಿನ್ನತೆಯ ಮಾತ್ರೆ, ಮಿದುಳಿನ ಪ್ರಚೋದನೆ ಎರಡರಿಂದಲೂ ಹೀಗಾಗಬಹುದು. ಬ್ರೆಜಿಲ್‌ನ ಒಂದು ಟಿಡಿಸಿಎಸ್ ಅಧ್ಯಯನದಲ್ಲಿ ಹೀಗೆ ಏರಿದ ಏಳು ಪ್ರಸಂಗಗಳಲ್ಲಿ ಐದು, ಎರಡೂ ಚಿಕಿತ್ಸೆ ಒಟ್ಟಿಗೆ ಪಡೆದವರಲ್ಲೇ ಕಂಡವು. ಆಕೆಗೆ ಅಥವಾ ಆಕೆಯ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಹಿಂದೆ ಹೀಗೆ ಆಗಿತ್ತೇ ಎಂದು ಮೊದಲೇ ಕೇಳುವುದು ಇದಕ್ಕಾಗಿ.

ಅದೇ ಅಧ್ಯಯನದ ಮುಖ್ಯ ಫಲಿತಾಂಶ ಜೋಡಿ ಚಿಕಿತ್ಸೆಯ ಪರವಾಗಿತ್ತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ 120 ಜನರಲ್ಲಿ, 50 ಮಿಲಿಗ್ರಾಂ ಸರ್ಟ್ರಲಿನ್ ಮತ್ತು ಟಿಡಿಸಿಎಸ್ ಎರಡನ್ನೂ ಪಡೆದವರು ಒಂದನ್ನೇ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಟಿಡಿಸಿಎಸ್ ಎಂದರೆ ಹಣೆಯ ಎರಡೂ ಬದಿ ಉಪ್ಪುನೀರಿನ ಸ್ಪಂಜು ಕಟ್ಟಿ 2 ಮಿಲಿಆಂಪ್ ಕರೆಂಟನ್ನು ಅರ್ಧ ಗಂಟೆ ಹರಿಸುವುದು. ಯಂತ್ರ ಚಿಕ್ಕದು, ಅಗ್ಗದ್ದು. ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ, ನೀರು ಸೋರುವಷ್ಟು ಒದ್ದೆಯಾದರೆ ಕರೆಂಟು ಚರ್ಮದ ಮೇಲೇ ಹರಿದುಹೋಗುತ್ತದೆ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವುದು ಬೇಡ.

ಬಸುರಿಯರ, ಬಾಣಂತಿಯರ ವಿಷಯದಲ್ಲಿ ಜೋಡಿಸುವ ಕ್ರಮವೇ ಬೇರೆ. ಕಾಯಿಲ್‌ನ ಕಾಂತಕ್ಷೇತ್ರ ಒಳಗಿಳಿಯುವುದು ಎರಡು ಮೂರು ಸೆಂಟಿಮೀಟರು, ಹೊಟ್ಟೆಯವರೆಗೆ ಹೋಗುವಷ್ಟು ಬಲ ಅದಕ್ಕಿಲ್ಲ. ಬಸಿರಿನಲ್ಲಿ ಹೆಚ್ಚಾಗಿ ಬಲಬದಿಗೆ ಸೆಕೆಂಡಿಗೆ ಒಂದು ಮಿಡಿತದ ನಿಧಾನ ಕ್ರಮ ಆರಿಸುತ್ತಾರೆ, ಅದರಲ್ಲಿ ಫಿಟ್ಸ್ ಸಂಭವ ಇನ್ನೂ ಕಡಿಮೆ. ಐದು ತಿಂಗಳು ದಾಟಿದವರು ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ, ಬಲ ಸೊಂಟದಡಿ ದಿಂಬಿಟ್ಟು ಎಡಕ್ಕೆ ವಾಲಿಸಿ ಕೂರಿಸಬೇಕು. ಮಗು ಬಯಸುವ ವಯಸ್ಸಿನವರಿಗೆ ಮನಸ್ಥಿತಿ ಸಮವಾಗಿಡಲು ವ್ಯಾಲ್‌ಪ್ರೊಯೇಟ್ ಜೋಡಿಸುವುದು ತಪ್ಪು, ಹುಟ್ಟುವ ಮಗುವಿಗೆ ಅದರಿಂದ ಊನ ಬರಬಹುದು. ಬಾಣಂತಿಯರಿಗೆ ಕಾಯಿಲ್‌ನ ದೊಡ್ಡ ಗುಣವೆಂದರೆ ಎದೆಹಾಲಿಗೆ ಏನೂ ಸೇರುವುದಿಲ್ಲ. ಜೊತೆಗೆ ಮಾತ್ರೆ ಬೇಕಿದ್ದರೆ ಹಾಲಿನಲ್ಲಿ ತೀರಾ ಕಡಿಮೆ ಇಳಿಯುವ ಸರ್ಟ್ರಲಿನ್ ಮೊದಲ ಆಯ್ಕೆ. ಹಾಲು ಕುಡಿಸಿ ಆಮೇಲೆ ಸಿಟ್ಟಿಂಗ್‌ಗೆ ಕೂರಬೇಕು. ಮಗುವನ್ನು ಎತ್ತಿಕೊಳ್ಳಲು ಅಮ್ಮನೋ ಚಿಕ್ಕಮ್ಮನೋ ಹೊರಗೆ ಇರಬೇಕು, ಆ ಸದ್ದಿಗೆ ಕೂಸನ್ನು ಒಳಗೆ ಬಿಡಬಾರದು. ಬಾಣಂತನದ ಖಿನ್ನತೆಗೆ ಪಿಎಚ್‌ಕ್ಯೂ ಬದಲು ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆಗಳೇ ಒಳ್ಳೆಯವು. 30ರಲ್ಲಿ 13 ಮತ್ತು ಮೇಲಿದ್ದರೆ ತಡಮಾಡಬಾರದು. ತವರಿನಲ್ಲಿ ಬಾಣಂತನ ಮಾಡುವವರು ರಾತ್ರಿಯ ಒಂದು ಹೊತ್ತನ್ನಾದರೂ ತಾವು ನೋಡಿಕೊಂಡು ಆಕೆಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಕೊಡಿಸಿದರೆ ಅದೂ ಈ ಚಿಕಿತ್ಸೆಯ ಒಂದು ಭಾಗವೇ.

ಊಟ ಬಿಟ್ಟವಳು, ಮಗುವಿಗೆ ಯಾರೋ ಮಾಟ ಮಾಡಿದ್ದಾರೆಂದು ನಂಬಿ ನಿದ್ದೆಗೆಟ್ಟವಳು, ಸಾಯಲು ದಾರಿ ಹುಡುಕುತ್ತಿರುವವಳು ಇವರನ್ನು ಆರು ವಾರದ ಕಾಯಿಲ್‌ಗೆ ಕಾಯಿಸಬಾರದು. ಇವರಿಗೆ ಬೇಕಾದದ್ದು ಇಸಿಟಿ. ಶಾಕ್ ಟ್ರೀಟ್‌ಮೆಂಟ್ ಎಂಬ ಹೆಸರಿಗೇ ಜನ ಬೆಚ್ಚುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಅದನ್ನು ಕೊಡುವಂತೆಯೇ ಇಲ್ಲ. ವಾರಕ್ಕೆ ಎರಡು ಮೂರರಂತೆ 6ರಿಂದ 12 ಸಲ ಆಗುತ್ತದೆ. ಮನಸ್ಥಿತಿ ಸಮವಾಗಿಡುವ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಎದ್ದ ಮೇಲೆ ಗೊಂದಲ ಹೆಚ್ಚಬಹುದು, ಫಿಟ್ಸ್ ತಡೆಯುವ ಮಾತ್ರೆಗಳಿದ್ದರೆ ಬೇಕಾದ ಫಿಟ್ಸೇ ಬರುವುದಿಲ್ಲ. ಎರಡನ್ನೂ ವೈದ್ಯರು ಮೊದಲೇ ಹೊಂದಿಸುತ್ತಾರೆ. ಹತ್ತಿರದ ದಿನಗಳ ನೆನಪು ಮಾಸುವುದುಂಟು. ಒಡವೆ ಎಲ್ಲಿಟ್ಟೆ, ಯಾರಿಗೆ ಎಷ್ಟು ಕೊಟ್ಟೆ ಎಂಬುದನ್ನು ಶುರುವಿಗೆ ಮುಂಚೆ ಬರೆದಿಡಲಿ. ತಿಳಿದು ನಿರ್ಧರಿಸುವ ಸ್ಥಿತಿಯಲ್ಲಿ ಇದ್ದರೆ ಒಪ್ಪಿಗೆ ಆಕೆಯದ್ದೇ ಆಗಬೇಕು, ಗಂಡನದ್ದಲ್ಲ. ತನ್ನ ಪರವಾಗಿ ಮಾತಾಡಲು ಅಕ್ಕನನ್ನೋ ಗೆಳತಿಯನ್ನೋ ಮೊದಲೇ ಬರವಣಿಗೆಯಲ್ಲಿ ನೇಮಿಸಿಕೊಳ್ಳುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ.

ಇಸಿಟಿಯಿಂದ ಬೇಗ ಗುಣ ಕಂಡು, ಇನ್ನೇನು ಬೇಕು ಎಂದು ಮಾತ್ರೆ ಬಿಡುವವರು ಬಹಳ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ನೋಡಿ: ಗುಣವಾದ ನಂತರ ಮದ್ದಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಆರು ತಿಂಗಳೊಳಗೆ ಶೇಕಡಾ 84 ಜನರಿಗೆ ಖಿನ್ನತೆ ಮರುಕಳಿಸಿತು, ಖಿನ್ನತೆಯ ಮಾತ್ರೆಯಾದ ನಾರ್‌ಟ್ರಿಪ್ಟಲಿನ್ ಪಡೆದವರಲ್ಲಿ 60, ಅದರ ಜೊತೆ ಲಿಥಿಯಂ ಸೇರಿಸಿದವರಲ್ಲಿ 39. ಲಿಥಿಯಂ ಸೇರಿಸಿದರೆ ಹೆಂಗಸರಲ್ಲಿ ಥೈರಾಯ್ಡ್ ಕುಗ್ಗುವ ಸಂಭವ ಹೆಚ್ಚು. ಟಿಎಸ್‌ಎಚ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ರಕ್ತದ ಲಿಥಿಯಂ ಮಟ್ಟ ನೋಡುತ್ತಿರಬೇಕು. ಬ್ರೂಫೆನ್ ಥರದ ನೋವಿನ ಗುಳಿಗೆ ಲಿಥಿಯಂ ಮಟ್ಟವನ್ನು ಏರಿಸುತ್ತದೆ, ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗಬಾರದು.

ಆರ್‌ಟಿಎಂಎಸ್ ಆದರೂ 30ಕ್ಕೆ ಥಟ್ಟನೆ ನಿಲ್ಲಿಸುವುದಿಲ್ಲ. ಮೂರು ವಾರದಲ್ಲಿ ಮೂರು, ಎರಡು, ಒಂದು ಎಂದು ಇಳಿಸುವ ಕ್ರಮವಿದೆ. ಆ ಹೊತ್ತಿಗೆ ಊರಿಗೆ ಹೋಗುವ ಆತುರ ಇರುತ್ತದಾದ್ದರಿಂದ ಇದು ತಪ್ಪುವುದೇ ಹೆಚ್ಚು. ಮಾತ್ರೆ ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು, ಹಿಂದೆ ಹಲವು ಸಲ ಬಂದಿದ್ದರೆ ಎರಡು ವರ್ಷ. ಬಿಡುಗಡೆಯ ಚೀಟಿಯಲ್ಲಿ ಸಾಮಾನ್ಯವಾಗಿ ಆರ್‌ಟಿಎಂಎಸ್ 30 ಸಿಟ್ಟಿಂಗ್ ಎಂದಷ್ಟೇ ಬರೆಯುತ್ತಾರೆ. ಅದು ಸಾಲದು. ಎಡವೋ ಬಲವೋ, ಟೇಪಿನ ಮೂರು ಅಳತೆ, ಮಿತಿಯ ಸಂಖ್ಯೆ, ಎಷ್ಟು ಶೇಕಡಾ ಬಲದಲ್ಲಿ ಕೊಟ್ಟರು, ಯಾವ ಕ್ರಮ, ಯಾವ ಕಂಪನಿಯ ಯಂತ್ರ, ಎಷ್ಟನೇ ಸಿಟ್ಟಿಂಗ್‌ನಿಂದ ಗುಣ ಕಂಡಿತು, ಆಗ ನಡೆಯುತ್ತಿದ್ದ ಮಾತ್ರೆಗಳು ಪ್ರಮಾಣದ ಸಮೇತ, ವಾರವಾರದ ಪಿಎಚ್‌ಕ್ಯೂ ಅಂಕ ಇಷ್ಟನ್ನೂ ಬರೆಸಿಕೊಂಡೇ ಹೊರಡಬೇಕು. ಒಮ್ಮೆ ಗುಣ ಕಂಡವರಿಗೆ ಮತ್ತೆ ಬಂದಾಗ ಅದೇ ಕ್ರಮ ಮತ್ತೆ ನಾಟುವ ಸಂಭವ ಹೆಚ್ಚು, ಆಗ ಬೇರೆ ಊರಿನ ಬೇರೆ ವೈದ್ಯರಿಗೂ ಈ ಹಾಳೆ ಸಾಕಾಗುತ್ತದೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ತಾಲೂಕು ಆಸ್ಪತ್ರೆಯ ಫೈಲಿನಲ್ಲಿ, ಮೂರನೆಯದು ಫೋನಿನಲ್ಲಿ ಫೋಟೋ ಆಗಿ ಇರಲಿ.